ಭಾನುವಾರ ಮಾತ್ರ ಇಳಿಯುವ ಬಿ.ಪಿ.

ಮಾರ್ಚ್ ೧೧, ಬುಧವಾರ.

ಇವತ್ತೂ ಬಿ.ಪಿ. ನೂರ ಅರವತ್ತೆರಡು. ಮಾತ್ರೆ ಅದೇ, ಊಟದ ಉಪ್ಪೂ ಅಷ್ಟೇ. ಬದಲಾಗಿರುವುದು ಒಂದೇ: ಹೆಂಡತಿ ಮಗಳ ಹೆರಿಗೆಗೆಂದು ಹೋಗಿ ಎರಡು ತಿಂಗಳಾಯಿತು.

ನಾನು ಬರೆದಿಟ್ಟ ಪಟ್ಟಿ ನೋಡಿ ಡಾಕ್ಟರು, "ಭಾನುವಾರ ಮಾತ್ರ ಚೆನ್ನಾಗಿದೆಯಲ್ಲ ಸಾರ್, ಅವತ್ತೇನು ಮಾಡ್ತೀರಿ?" ಎಂದರು. ಭಾನುವಾರ ಅವಳ ಫೋನು ಬಂದ ಮೇಲೆ ಅಳೆಯುತ್ತೇನೆ ಎನ್ನಲು ನಾಚಿಕೆಯಾಗಿ, ವಾಕಿಂಗ್ ಎಂದೆ.

"ಹಾಗಾದ್ರೆ ದಿನಾ ಮಾಡಿ!"

ಸಂಜೆ ನಾನೇ ಫೋನು ಮಾಡಿದೆ. "ಏನ್ರೀ, ಬುಧವಾರವೇ ನೆನಪಾಯ್ತಾ?" ಎಂದಳು. ಹೆರಿಗೆಯಾದಾಗಿನಿಂದ ಅಳುತ್ತಲೇ ಇದ್ದ ಮಗಳು, ಅಮ್ಮ ಪಕ್ಕದಲ್ಲಿ ಮಲಗುವುದರಿಂದ ಈಗ ನಿದ್ದೆ ಮಾಡುತ್ತಿದ್ದಾಳಂತೆ. ಮಗುವೂ ಸರಿಯಾಗಿ ಹಾಲು ಕುಡಿದು, ಈ ವಾರ ಇನ್ನೂರು ಗ್ರಾಂ ಹೆಚ್ಚಾಗಿದೆಯಂತೆ.

"ನಿಮ್ಮ ದನಿ ಯಾಕೋ ಸರಿಯಿಲ್ಲ. ಬಂದುಬಿಡ್ಲಾ?"

ಬಾ ಎನ್ನುವುದು ನಾಲಗೆಯ ತುದಿಯಲ್ಲೇ ಇತ್ತು. "ಕಲ್ಲುಗುಂಡಿನ ಹಾಗಿದ್ದೀನಿ. ಅಲ್ಲೇ ಇರು" ಎಂದೆ.

"ಸುಳ್ಳು ಹೇಳೋಕೂ ಬರಲ್ಲ ನಿಮಗೆ" ಎಂದು ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ.

ಫೋನಿಟ್ಟ ಮೇಲೆ ಅಳೆದು ನೋಡಲಿಲ್ಲ. ಇಳಿದಿದ್ದರೆ, ಮದ್ದು ಅವಳೇ ಎಂದು ಖಾತ್ರಿಯಾಗಿ, ಮತ್ತೆ ಫೋನು ಮಾಡಿ ಬಾ ಎಂದುಬಿಡುತ್ತಿದ್ದೆ.