ಗೋಡೆ ಹೋದ ಮೇಲೆ ಉಳಿದ ಬಾಗಿಲು

ಅತ್ತೆಯವರೇ,

ನಾನು ನಿಮ್ಮ ಹಿರಿಯ ಸೊಸೆ ಗಂಗವ್ವ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಮಗಳು, ಎಸ್ಸೆಸ್ಸೆಲ್ಸಿ ಪಾಸಾದವಳು, ನೀವು ಸೊಂಟದಿಂದ ಬಿಚ್ಚಿ ಕೊಟ್ಟ ಕೀಲಿಗೊಂಚಲನ್ನು ಇವತ್ತಿಗೂ ಸೊಂಟದಲ್ಲೇ ಇಟ್ಟುಕೊಂಡವಳು. ರಾಣೆಬೆನ್ನೂರಿನ ಪೇಟೆಯಲ್ಲಿ ನನ್ನೆದುರು ಕಾಲ ಮೇಲೆ ಕಾಲು ಹಾಕಿ ಕೂಡುವ ಗಂಡಸು ಇನ್ನೂ ಹುಟ್ಟಿಲ್ಲ. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ಮುಂದಿನದನ್ನು ಓದಿ ಸೊಸೆಗೆ ಬುದ್ಧಿ ಕೆಟ್ಟಿದೆ ಎಂದು ನೀವು ತಿಳಿಯಬಾರದು.

ಜೆಸಿಬಿ ಬಂದ ದಿನ ನೀವು ಬದುಕಿರಲಿಲ್ಲ, ಪುಣ್ಯವಂತರು. ರಸ್ತೆ ಅಗಲ ಮಾಡುತ್ತೇವೆಂದು ನಮ್ಮ ಬೀದಿಯ ಎರಡೂ ಸಾಲಿನ ಮನೆಗಳನ್ನು ರೊಟ್ಟಿ ಮುರಿದಂತೆ ಮುರಿದರು. ಯಾರದೋ ಅಡುಗೆಮನೆಯ ನೀಲಿ ಗೋಡೆ ಬೀದಿಗೆ ಬಂತು, ಯಾರದೋ ದೇವರ ಮಾಡ ಬಿಸಿಲಿಗೆ ಬಿತ್ತು. ಮೆಟ್ಟಿಲುಗಳು ಹತ್ತಿ ಹತ್ತಿ ಆಕಾಶದಲ್ಲಿ ನಿಂತವು. ನಮ್ಮ ಅಂಗಡಿ ಹೋಯಿತು, ಪಡಸಾಲೆ ಹೋಯಿತು, ನಡುಮನೆಯ ಮುಂದಿನ ಗೋಡೆಯೂ ಹೋಯಿತು. ಆದರೆ ಆ ಗೋಡೆಯಲ್ಲಿದ್ದ ಸಾಗವಾನಿ ಚೌಕಟ್ಟು ಮಾತ್ರ ಹೊಸ್ತಿಲು ಸಮೇತ ಹಾಗೇ ನಿಂತಿತು. ಅತ್ತ ಗೋಡೆ ಇಲ್ಲ, ಇತ್ತ ಗೋಡೆ ಇಲ್ಲ, ನಡುವೆ ಒಂದು ಬಾಗಿಲು... ಅದನ್ನು ನೋಡಲಾರದೆ ಸ್ಟೇಶನ್ ಆಚೆಯ ಹೊಸ ಮನೆಗೆ ಹೋದೆ. ಉಳಿದರ್ಧವನ್ನು ಮಾರಿಬಿಡೋಣ ಎಂದು ಮಗ ಕೇಳಿದಾಗ ನಾನೂ ಹೂಂ ಅಂದಿದ್ದೆ.

ಮೊನ್ನೆ ಊಟಕ್ಕೆ ಕುಳಿತಾಗ ನಿಮ್ಮ ಮೊಮ್ಮಗ ಬಸವರಾಜ ಸುದ್ದಿ ತಂದ.

“ಅವ್ವಾ, ಹಳೇ ಮನ್ಯಾಗ ಹುಡುಗೂರ ಟೋಳಿ ಸೇರೇತಿ. ಬಿದ್ದ ಮನಿ ಕಬ್ಬಣ ಕಿತ್ತು ಗುಜರಿಗೆ ಹಾಕ್ತಾವ. ಜಾಗಾ ತಗೊಳ್ಳಾವ್ರು ಸೋಮವಾರ ಕೆಡವಾಕ ಬರ್ತಾರ. ಪೊಲೀಸರಿಗೆ ಹೇಳಿ ಜಾಗಾ ಬಿಡಸ್ತೇನಿ.”

“ಬಿಡಿಸಿ ಎಲ್ಲಿಗೆ ಒಯ್ತಾರ?”

“ಹಾವೇರಿಗೆ, ಬಾಲಮಂದಿರಕ್ಕ. ಅಲ್ಲಿಂದ ಹೆಣ್ಣು ಒಂದ ಕಡೆ, ಗಂಡು ಒಂದ ಕಡೆ. ನಮಗ್ಯಾಕವ್ವಾ ಅದು?”

ನನ್ನ ಮನೆಯಿಂದ ನನ್ನನ್ನು ಕೇಳದೆ ಯಾರನ್ನು ಬಿಡಿಸುತ್ತಾನೆ? ಮರುದಿನ ಮಧ್ಯಾಹ್ನ ನಾನೇ ಹೋದೆ, ಒಬ್ಬಳೇ.

ಬಿಸಿಲು ಸುಡುತ್ತಿತ್ತು. ಚೌಕಟ್ಟಿನ ತನಕ ಸುತ್ತಿ ಬರುವುದೇಕೆಂದು ಗೋಡೆ ಬಿದ್ದ ಕಡೆಯಿಂದ ನೇರ ಒಳಗೆ ಕಾಲಿಟ್ಟೆ. ಅಟ್ಟದ ಮೇಲಿಂದ ಸಿಳ್ಳೆ ಕೇಳಿತು. ಕಂಬದ ಹಿಂದಿನಿಂದ ಯಾರೋ ಕೆಂಡ ತುಂಬಿದ ಬೋಗುಣಿಯನ್ನು ನನ್ನತ್ತ ತಳ್ಳಿ, ಅದರ ಮೇಲೆ ಒಂದು ಹಿಡಿ ಒಣಮೆಣಸಿನಕಾಯಿ ಎರಚಿದರು. ಘಾಟು ಮೂಗಿಗೇರಿತು, ಕೆಮ್ಮು ಬಂತು. ಆದರೆ ನಾನು ಬ್ಯಾಡಗಿಯವಳಲ್ಲವೇ?

“ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಸುಟ್ಟೀರೇನು? ಅದಕ್ಕ ಬಣ್ಣ ಬಾಳ, ಖಾರ ಕಮ್ಮಿ. ಮಂದೀನ್ನ ಓಡಸೂದಿದ್ದರ ಗುಂಟೂರಿಂದು ಸುಡಬೇಕು” ಎಂದೆ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ಒಳಗಿನಿಂದ ಒಂದು ಹುಡುಗಿಯ ದನಿ ಬಂತು: “ಬ್ಯಾಡಗಿ ಪ್ಯಾಟ್ಯಾಗ ಕೆಳಗ ಬಿದ್ದದ್ದು ಬಳಕೊಂಡು ಬರ್ತೇವಿ. ಆರಿಸಿ ತರಾಕ ನಾವೇನು ಸಾವಕಾರ್ರೇನು?”

“ನಾ ಯಾರು ಗೊತ್ತೈತೇನು? ಈ ಮನಿ ಯಜಮಾನ್ತಿ.”

“ಯಜಮಾನ್ತಿ ಆದ್ರ ಬಾಗಲಾ ಬಿಟ್ಟು ಗ್ವಾಡಿ ಕಡಿಂದ ಯಾಕ ಬಂದ್ರಿ? ಹಂಗ ಬರಾವ್ರು ಕಳ್ಳರು.”

ಅತ್ತೆಯವರೇ, ಅದು ಅವರ ಕಟ್ಟಳೆ. ಎಲ್ಲ ಕಡೆಯೂ ಬಯಲಾಗಿರುವ ಮನೆಗೆ ಅವರು ಆ ಚೌಕಟ್ಟಿನೊಳಗಿಂದಲೇ ಬರುತ್ತಾರೆ, ಅದರೊಳಗಿಂದಲೇ ಹೋಗುತ್ತಾರೆ. ಹಾಗೆ ಬಂದವರು ತಮ್ಮವರು, ಪಕ್ಕದಿಂದ ನುಗ್ಗಿದವರು ಹೊರಗಿನವರು. ಸೇರಕ್ಕಿ ಒದ್ದು ನಾನು ನಿಮ್ಮ ಸೊಸೆಯಾಗಿ ಒಳಗೆ ಬಂದದ್ದು ಅದೇ ಹೊಸ್ತಿಲಿನಿಂದ. ಗೋಡೆ ಬಿದ್ದದ್ದೇ ತಡ, ಬಾಗಿಲನ್ನು ಮೊದಲು ಮರೆತವಳು ನಾನೇ ಆದೆನೇ? ಹಿಂದಕ್ಕೆ ಹೋದೆ. ನೆರಿಗೆ ಎತ್ತಿ ಹಿಡಿದು, ಬಲಗಾಲಿಟ್ಟು, ಹೊಸ್ತಿಲು ದಾಟಿ ಬಂದೆ.

“ಈಗ ಬರ್ರಿ, ಕುಂದ್ರಿ” ಎಂದಳು.

ಐರಣಿ ಕಡೆಯ ಹುಡುಗಿ, ಹೆಸರು ದ್ಯಾಮಿ. ಹದಿನಾಲ್ಕು ಇರಬಹುದು. ತಾಯಿ ಸತ್ತ ಮೇಲೆ ಬಸ್ಸು ಹತ್ತಿ ಬಂದವಳು. ಅವಳ ಕೈಕೆಳಗೆ ಆರು ಮಕ್ಕಳು. ಅವರು ಆ ಮುರುಕು ಬೀದಿಯನ್ನು ಆಳುವುದನ್ನು ನೀವು ನೋಡಬೇಕಿತ್ತು. ನೆಲಕ್ಕೆ ಕಾಲು ಸೋಕಿಸದೆ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ಬೀದಿಯ ಆ ತುದಿ ಮುಟ್ಟುತ್ತಾರೆ. ಯಾವ ಮೆಟ್ಟಿಲು ಭಾರ ತಡೆಯುತ್ತದೆ, ಯಾವ ತೊಲೆ ಎಲ್ಲರಿಗಿಂತ ಚಿಕ್ಕವನ ಭಾರ ಮಾತ್ರ ತಡೆಯುತ್ತದೆ, ಎಲ್ಲ ಗೊತ್ತು. ಕಬ್ಬಿಣ ಕೀಳುತ್ತಾರೆ, ನಿಜ. ಆದರೆ ಗೋಡೆಯನ್ನು ಹಿಡಿದು ನಿಲ್ಲಿಸಿದ ಕಬ್ಬಿಣಕ್ಕೆ ಕೈ ಹಚ್ಚುವುದಿಲ್ಲ. ನಾವು ಸತ್ತಿತೆಂದು ಬಿಟ್ಟು ಬಂದ ಪೇಟೆ ಅವರ ಪಾಲಿಗೆ ಉಸಿರಾಡುತ್ತಿದೆ. ಆ ಮಧ್ಯಾಹ್ನ ನಾನು ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಹೊಗೆಗಷ್ಟೇ ಅಲ್ಲ...

ದ್ಯಾಮಿ ಕುಳಿತದ್ದು ಎಲ್ಲಿ ಗೊತ್ತೇ? ನಡುಮನೆಯ ಎರಡನೇ ಕಂಬದ ಬುಡದಲ್ಲಿ, ನೀವು ಕೂಡುತ್ತಿದ್ದ ಜಾಗದಲ್ಲಿ.

“ಇಲ್ಲೇ ಯಾಕ ಕುಂತಿ?” ಎಂದು ಕೇಳಿದೆ.

“ಇಲ್ಲಿಂದ ಅಟ್ಟಾನೂ ಕಾಣ್ತೈತಿ, ಹಿತ್ತಲಾನೂ ಕಾಣ್ತೈತಿ. ಯಾರು ಹೊರಗ ಹ್ವಾದ್ರು, ಯಾರು ಉಂಡಿಲ್ಲ, ಎಲ್ಲಾ ತಿಳೀತೈತಿ.”

ನೀವು ತಂಪಿಗೆ ಕೂಡುತ್ತೀರಿ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ನನಗೆ ನೀವು ಹೇಳಿಕೊಡದೆ ಹೋದದ್ದನ್ನು ಇವಳಿಗೆ ಯಾರು ಹೇಳಿಕೊಟ್ಟರು?

ಸೋಮವಾರದ ಮಾತನ್ನು ಮುಚ್ಚಿಡದೆ ಹೇಳಿದೆ. ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ. ಪಕ್ಕದಲ್ಲಿ ಮಲಗಿದ್ದ ಚಿಕ್ಕವನ ಕೂದಲಲ್ಲಿ ಬೆರಳಾಡಿಸುತ್ತ, “ಹಾವೇರಿಗೆ ಒಯ್ದ್ರ ಪುಟ್ಯಾ ಒಂದ ಕಡೆ, ನಾ ಒಂದ ಕಡೆ ಆಕ್ಕೇವಿ. ನಾ ಉಣಿಸದಿದ್ರ ಆಂವಾ ಉಣ್ಣಂಗಿಲ್ಲರಿ” ಎಂದಳು.

“ನಿನ್ನ ತಮ್ಮನೇನು?”

“ಅಲ್ರಿ. ಬಸ್‌ಸ್ಟ್ಯಾಂಡಿನ್ಯಾಗ ಒಬ್ಬನ ಅಳಾಕತ್ತಿದ್ದ. ಬಾಗಲದಾಗಿಂದ ಒಳಗ ಬಂದಾನ. ಮತ್ತೇನು ಬೇಕು?”

ಹೌದು, ಮತ್ತೇನು ಬೇಕು? ನಾನು ಕೂಡ ಆ ಮನೆಗೆ ಹೊರಗಿನಿಂದಲೇ ಬಂದವಳು.

ಆ ರಾತ್ರಿ ಬಸವರಾಜನಿಗೆ ಹೇಳಿದೆ, ಮಾರುವುದಿಲ್ಲ. ಅವನು ಕೂಗಾಡಿದ. “ಅವ್ವಾ, ಕೊಟ್ಟ ಮಾತಿಂದೇನು? ಮಂದಿ ಏನಂದಾರು?”

“ಮಾತು ಕೊಟ್ಟಾಂವ ನೀನು, ಮನಿ ನಂದು. ಮಂದಿಗೆ ಹೇಳು, ಗಂಗವ್ವ ತನ್ನ ಮನ್ಯಾಗ ಅದಾಳಂತ.”

ಸೋಮವಾರ ಜೆಸಿಬಿ ಬಂದಾಗ ನಾನು ಒಳಗಿದ್ದೆ. ನಿಮ್ಮ ಕಂಬದ ಹತ್ತಿರ ಅಲ್ಲ, ಆ ಜಾಗ ಈಗ ಅವಳದು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ, ಪಕ್ಕದಲ್ಲಿ ನನ್ನ ಟ್ರಂಕು ಮತ್ತು ಹಾಸಿಗೆ. ಜೊತೆಗೆ ಬಂದ ಪೊಲೀಸಿನವನು ಒಳಗೆ ಇಣುಕಿ, “ಈ ಹುಡುಗೂರು ಯಾರ್ರೀ ಅವ್ವಾರ?” ಎಂದ.

“ನಮ್ಮ ಮನಿ ಮಂದಿ.”

ಅವನು ನನ್ನ ಮುಖ ನೋಡಿದ. ಹಿಂದಕ್ಕೆ ಹೋಗೆಂದು ಜೆಸಿಬಿಯವನಿಗೆ ಕೈ ಬೀಸಿದ. ಯಂತ್ರ ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಈ ಪತ್ರವನ್ನು ಅಲ್ಲಿಂದಲೇ ಬರೆಯುತ್ತಿದ್ದೇನೆ. ಒಬ್ಬರಾದ ಮೇಲೆ ಒಬ್ಬರು ಎಚ್ಚರವಿದ್ದು ಮನೆ ಕಾಯುವುದು ಇಲ್ಲಿನ ಪದ್ಧತಿ. ನನಗೇನು ಕೆಲಸ ಎಂದು ದ್ಯಾಮಿಯನ್ನು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿ, “ಬೆಳಗಿನ ಪಾಳಿ ತಗೋರಿ. ವಯಸ್ಸಾದವರಿಗೆ ಹೆಂಗೂ ಲಗೂ ಎಚ್ಚರಾಕ್ಕೈತಿ” ಎಂದಳು.

ತೆಗೆದುಕೊಂಡಿದ್ದೇನೆ.