ಪ್ರುಂಗನ ಕ್ಷಮಾ ಅರ್ಜಿ

೮ ಜನವರಿ, ಬುದ್ಧಶಕ ೨೪೭೭. ಬೆಳಿಗ್ಗೆ

ಗಂಜಿ, ಉಪ್ಪುಮೊಟ್ಟೆ. ಕಾಲಿಗೆ ಸೊಳ್ಳೆ. ಕೋರ್ಟಿಗೆ ಹೊರಡುವ ಮುನ್ನ ಎರಡು ಸಾಲು.

ನಿನ್ನೆಯ ರೈಲಿನಲ್ಲಿ ಬ್ಯಾಂಕಾಕಿನ ಲಕೋಟೆ ಬಂತು. ಪ್ರುಂಗನ ಮರಣದಂಡನೆ ಖಾಯಂ. ಅಪೀಲು ಮುಗಿಯಿತು. ಆ ತೀರ್ಪನ್ನು ಮೊದಲು ಬರೆದವನು ನಾನು. ಇವತ್ತು ಅವನೆದುರು ಓದಬೇಕಾದವನೂ ನಾನೇ.

ಅದೇ ದಿನ, ಸಂಜೆ

ಓದಿದೆ. ಪ್ರುಂಗ್ ಕೈಕೋಳ ಹಾಕಿಕೊಂಡೇ ನಿಂತು ಕೇಳಿದ. ತಾಳೆಬೆಲ್ಲ ಕಾಯಿಸುವವನು, ಮರ ಹತ್ತಿ ಹತ್ತಿ ತೋಳಿನ ಒಳಗೆಲ್ಲ ಗೀರು.

"ಮುಗೀತಾ ಸ್ವಾಮಿ?"

"ಎರಡು ತಿಂಗಳೊಳಗೆ ದೊರೆಗೆ ಕ್ಷಮಾ ಅರ್ಜಿ ಹಾಕ್ಕೋಬಹುದು."

"ಏನಂತ ಬರೀಬೇಕು?"

"ತಪ್ಪಾಯ್ತು, ಪಶ್ಚಾತ್ತಾಪ ಆಗಿದೆ ಅಂತ."

"ಆಗಿಲ್ವಲ್ಲ."

ಜೈಲರ್ ಸವಿಂಗ್ ತಡೆಯಲಾರದೆ ಬಾಯಿ ಹಾಕಿದ. "ಬಾಯಿಮಾತಿಗೆ ಅಂದ್ಬಿಡೋ ಮಾರಾಯ! ನಾಲಗೆ ಏನು ಸವೆದು ಹೋಗುತ್ತಾ?"

ಪ್ರುಂಗ್ ಅವನ ಕಡೆ ತಿರುಗಿದ. "ಬಾಯಿಮಾತಿಗೆ ಒಬ್ಬಳು ಹೇಳಿದ ಸುಳ್ಳಿಗೇ ನನ್ನ ತಮ್ಮ ಎರಡನೇ ಸಲ ಸತ್ತ."

ಅವನ ತಮ್ಮ ಇಮ್‌ನನ್ನು ಕಾಲುವೆಯ ನೀರಿನ ಜಗಳದಲ್ಲಿ ಯಾರೋ ದೋಣಿಯ ಹುಟ್ಟಿನಿಂದ ಹೊಡೆದು ಕೊಂದಿದ್ದರು. ಸೂಕ್ ಎಂಬ ರೈತನೇ ಎಂದು ಊರೆಲ್ಲ ಹೇಳಿತು. ಆದರೆ ಸೂಕ್‌ನ ಹೆಂಡತಿ ಯೇಮ್ ಆಣೆ ಇಟ್ಟು ನುಡಿದಳು: ಆ ಸಂಜೆ ಗಂಡ ಮನೆಯಲ್ಲೇ ಇದ್ದ. ನನಗಿಂತ ಮುಂಚೆ ಇಲ್ಲಿದ್ದ ನ್ಯಾಯಾಧೀಶರು ಅವನನ್ನು ಬಿಟ್ಟರು. ಸಾಕ್ಷಿ ಹಾಗಿದ್ದಾಗ ಇನ್ನೇನು ಮಾಡಿಯಾರು. ಆಮೇಲೆ ಪ್ರುಂಗ್ ದೋಣಿಕಟ್ಟೆಯಲ್ಲಿ ಕಾದು ಕುಳಿತ. ತಾಳೆ ಹೊಂಬಾಳೆ ಕೊಯ್ಯುವ ಕತ್ತಿ. ಸೂಕ್ ಸತ್ತ. ಪ್ರುಂಗ್ ತಾನೇ ಠಾಣೆಗೆ ನಡೆದು ಬಂದ.

ಹೊಂಚು ಹಾಕಿ ಕೊಂದರೆ ಮರಣದಂಡನೆ. ಪಶ್ಚಾತ್ತಾಪ ತೋರಿಸಿದರೆ ಇಳಿಸಬಹುದು. 'ಇನ್ನೊಮ್ಮೆ ಸಿಕ್ಕಿದ್ದರೂ ಕಡಿಯುತ್ತಿದ್ದೆ' ಎಂದವನಿಗೆ ಏನೆಂದು ಇಳಿಸಲಿ?

೧೯ ಜನವರಿ

ಹುಣ್ಣಿಮೆ. ಅಮ್ಮ ಬೌದ್ಧ ವಿಹಾರದಿಂದ ಬಂದು ಎಲೆಯಡಿಕೆ ಪೆಟ್ಟಿಗೆ ಬಿಚ್ಚಿದಳು. ಪ್ರುಂಗನ ವಿಷಯ ಅವಳಿಗೆ ಹೇಗೋ ತಿಳಿದಿದೆ. (ಸವಿಂಗ್‌ನ ಹೆಂಡತಿ, ಇನ್ಯಾರು.)

"ಮನೋಸಾರನ ಕತೆ ನೆನಪಿದೆಯೇನೋ?"

ನೆನಪಿಲ್ಲದೆ ಏನು. ನಮ್ಮ ಹಳೆಯ ಧರ್ಮಶಾಸ್ತ್ರದ ಮೊದಲ ಓಲೆಯಲ್ಲೇ ಇದೆ. ಜನರೆಲ್ಲ ಸೇರಿ ಆರಿಸಿದ ಮೊದಲ ದೊರೆ ಮಹಾಸಮ್ಮತ. ಅವನ ನ್ಯಾಯಾಧೀಶ ಮನೋಸಾರ. ಪಕ್ಕಪಕ್ಕದ ಎರಡು ತೋಟ, ಬೇಲಿ ದಾಟಿ ಹೆಣೆದುಕೊಂಡ ಸೌತೆಬಳ್ಳಿ, ಕಾಯಿ ಯಾರದು ಎಂದು ಜಗಳ. ತಪ್ಪು ತೀರ್ಪು ಕೊಟ್ಟ. ನಾಚಿಕೆಯಿಂದ ಕಾಡಿಗೆ ಹೋದ, ತಪಸ್ಸು ಮಾಡಿದ. ತಪಸ್ಸಿನ ಬಲದಿಂದ ಲೋಕದ ಅಂಚಿಗೆ ಹಾರಿದ; ಅಲ್ಲಿನ ಗೋಡೆಯ ಮೇಲೆ ಧರ್ಮ ಬರೆದಿತ್ತು — ಒಂದೊಂದು ಅಕ್ಷರ ಆನೆಯಷ್ಟು.

"ಅಷ್ಟು ದೊಡ್ಡದಾಗಿ ಯಾಕೆ ಬರೆದಿತ್ತು ಹೇಳು?"

"ಗೊತ್ತಿಲ್ಲಮ್ಮ."

"ಓದು ಬಾರದವರಿಗೂ ಕಾಣಲಿ ಅಂತ. ನಿನ್ನ ಕಾನೂನು ಪುಸ್ತಕದ್ದು ನೋಡು, ಇರುವೆ ಹರಿದ ಹಾಗಿದೆ."

ನಕ್ಕೆ. ಅವಳು ನಗಲಿಲ್ಲ. "ದೊರೆಗೆ ನೀನೇ ಬರೆಯೋ. ಆತ ಬೋಧಿಸತ್ವ. ಅಕ್ರೋಧ, ಅಹಿಂಸೆ, ಕ್ಷಾಂತಿ... ಹತ್ತು ರಾಜಧರ್ಮ ಹೊತ್ತವನು. ಕೊಲ್ಲು ಅನ್ನಲ್ಲ."

ಕೈದಿಯೇ ಕೇಳದೆ ನಾನು ಹೇಗೆ ಕೇಳಲಿ? ದೊರೆ ಕಣ್ಣಿನ ಚಿಕಿತ್ಸೆಗೆಂದು ಇಂಗ್ಲೆಂಡಿಗೆ ಹೋದವರು ಇನ್ನೂ ಬಂದಿಲ್ಲ. ಸರ್ಕಾರಕ್ಕೂ ಅವರಿಗೂ ಸರಿ ಇಲ್ಲ ಎಂದು ಪೇಪರಿನಲ್ಲಿ ದಿನವೂ ಒಂದು ಗುಸುಗುಸು.

೧೮ ಫೆಬ್ರವರಿ

ಮಾಘ ಹುಣ್ಣಿಮೆ. ಕೋರ್ಟಿಗೆ ರಜೆ. ಬೆಳಿಗ್ಗೆ ಮೆಟ್ಟಿಲ ಕೆಳಗೆ ಒಬ್ಬ ಹೆಂಗಸು, ಸೊಂಟದಲ್ಲಿ ಮಗು. ಯೇಮ್. ಸೂಕ್‌ನ ವಿಧವೆ. ಗಂಡನ ಕೊಲೆಯ ವಿಚಾರಣೆಯಲ್ಲಿ ನೋಡಿದ್ದೆ. ಆಗ ತಲೆ ಎತ್ತಿರಲಿಲ್ಲ.

ಕೈಮುಗಿದು ನೆಲಕ್ಕೆ ಕುಳಿತಳು. "ಸ್ವಾಮಿ, ಅವತ್ತು ಸುಳ್ಳು ಹೇಳಿದೆ. ನನ್ನ ಗಂಡ ಮನೇಲಿರಲಿಲ್ಲ. ರಕ್ತದ ಅಂಗಿ ನಾನೇ ಕಾಲುವೇಲಿ ಒಗೆದೆ."

ಬಾಯಿ ಮುಚ್ಚು ಎನ್ನಬೇಕೆನಿಸಿತು. ನ್ಯಾಯಾಧೀಶನಾದ ನಾನು ಕೇಳಿದ ಮೇಲೆ ಅದು ನನ್ನ ಕಿವಿಯಲ್ಲೇ ಉಳಿಯುವಂತಿಲ್ಲ, ಕಡತಕ್ಕೆ ಹೋಗಲೇಬೇಕು.

"ಇದನ್ನ ಬರೆದುಕೊಂಡರೆ ನಿನ್ನ ಮೇಲೇ ಕೇಸಾಗುತ್ತಮ್ಮ. ಸುಳ್ಳು ಸಾಕ್ಷಿ. ಜೈಲು."

"ಗೊತ್ತು."

"ಮಗು?"

ಮಗುವಿನ ಮೂಗು ಒರೆಸಿದಳು. "ಬುದ್ಧನ ಮುಂದೆ ಆಣೆ ಇಟ್ಟೆ ಸ್ವಾಮಿ. ಗಂಡ ಉಳಿಯಲಿ ಅಂತ. ಉಳಿದನಾ? ಈಗ ಇನ್ನೊಬ್ಬ ಹೋಗ್ತಾನೆ. ನನ್ನ ಒಂದು ಮಾತಿಗೆ ಎಷ್ಟು ಹೆಣ ಬೀಳಬೇಕು?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಏನೂ ಹೇಳದೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು, ಬಾಳೆಹಣ್ಣು ಕೊಡಲು.

ನಾಳೆ ಕೋರ್ಟಿನಲ್ಲಿ ಬರೆದುಕೊಳ್ಳುತ್ತೇನೆ ಎಂದೆ. ಒಂದು ರಾತ್ರಿ ಯೋಚಿಸು ಎಂದೆ. ಬಾರದಿದ್ದರೆ ಒಳ್ಳೆಯದು ಎಂದು ನನ್ನಲ್ಲೇ ಒಂದು ಆಸೆ.

೧೯ ಫೆಬ್ರವರಿ

ಬಂದಳು. ಬಾಗಿಲು ತೆಗೆಯುವ ಮೊದಲೇ.

೨೧ ಫೆಬ್ರವರಿ

ಕೊಂದದ್ದು ತಮ್ಮನ ಕೊಲೆಗಾರನನ್ನೇ ಎಂಬ ಈ ಹೇಳಿಕೆ ಜೊತೆಗಿದ್ದರೆ ಕ್ಷಮಾ ಅರ್ಜಿಗೆ ಬಲ; ಆದರೂ ಪ್ರುಂಗ್ ಒಪ್ಪುತ್ತಿಲ್ಲ. ಹೇಳಿಕೆ ಓದಿಸಿ ಕೇಳಿ ಗೋಡೆಗೆ ಮುಖ ಮಾಡಿ ಕುಳಿತನಂತೆ. ಯೇಮ್ ತಾನೇ ಮಾತಾಡುತ್ತೇನೆ ಎಂದಳು. ಜೈಲಿಗೆ ಕರೆದೊಯ್ದೆ. ಸರಳಿನ ಆಚೆ ಅವನು, ಈಚೆ ಅವಳು. ಒಬ್ಬರ ಗಂಡನನ್ನು ಇನ್ನೊಬ್ಬರು, ಒಬ್ಬರ ತಮ್ಮನನ್ನು ಇನ್ನೊಬ್ಬರ ಗಂಡ...

"ಮನೆಗೆ ಹೋಗು ತಂಗಿ," ಎಂದ ಪ್ರುಂಗ್. "ಆ ಮಗುವಿನ ತಾಯಿಯನ್ನ ಜೈಲಿಗೆ ಹಾಕಿ ನಾನು ಬದುಕಬೇಕಾ? ಅದು ಅಪ್ಪನ್ನ ಕಳಕೊಂಡದ್ದು ಸಾಲದೇನು?"

"ನಿನಗೋಸ್ಕರ ಅಂದುಕೊಂಡ್ಯಾ? ನಿನ್ನ ಮುಖ ಕಂಡರೆ ನಂಗೆ ಇವತ್ತೂ ಮೈ ಉರಿಯುತ್ತೆ!" ಅವಳು ಸರಳು ಹಿಡಿದಳು. "ನನ್ನ ಸುಳ್ಳನ್ನ ನಾನು ವಾಪಸ್ ತಗೋತಿದೀನಿ. ಹೇಳಿಕೆ ಕೊಟ್ಟಾಗಿದೆ. ನೀನು ಸತ್ತರೂ ನಾನು ಜೈಲಿಗೇ. ಸುಮ್ಮನೆ ಸಾಯಬೇಡ."

ಅವನು ಕೇಳಿದ: "ನನ್ನ ತಮ್ಮ... ಸಾಯುವಾಗ ಏನಾದರೂ ಅಂದಿದ್ನಾ? ಸೂಕ್ ನಿನಗೆ ಹೇಳಿದ್ನಾ?"

"ಅಣ್ಣನ್ನ ಕೂಗಿದ ಅಂದ."

ಪ್ರುಂಗ್ ಸರಳಿಗೆ ಹಣೆ ಒತ್ತಿದ. ಇಷ್ಟು ದಿನದಲ್ಲಿ ಅವನು ಅತ್ತದ್ದನ್ನು ನೋಡಿದ್ದು ಇದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿ, "ಬರೀರಿ ಸ್ವಾಮಿ. ಪಶ್ಚಾತ್ತಾಪ ಅಂತ ಬರೀಬೇಡಿ. ಈ ಹೆಂಗಸಿಗೂ ಮಗುವಿಗೂ ಅನ್ಯಾಯ ಮಾಡಿದೆ ಅಂತ ಬರೀರಿ. ಅದು ನಿಜ."

ಹಾಗೆಯೇ ಬರೆಸಿದೆ. ಹೆಬ್ಬೆಟ್ಟು ಒತ್ತಿದ.

೨೩ ಫೆಬ್ರವರಿ

ಅರ್ಜಿ, ಹೇಳಿಕೆ, ನನ್ನ ಟಿಪ್ಪಣಿ — ಮೂರೂ ಬೆಳಗಿನ ರೈಲಿಗೆ. ಬ್ಯಾಂಕಾಕಿಗೆ, ಅಲ್ಲಿಂದ ಹಡಗಿನಲ್ಲಿ ಇಂಗ್ಲೆಂಡಿಗೆ? ಯಾರಿಗೂ ಸರಿಯಾಗಿ ಗೊತ್ತಿಲ್ಲ.

೮ ಮಾರ್ಚ್

ದೊರೆ ಸಿಂಹಾಸನ ಬಿಟ್ಟರು. ಇಂಗ್ಲೆಂಡಿನಿಂದಲೇ ಕಾಗದ ಬರೆದು.

ಕೋರ್ಟಿನಲ್ಲಿ ಯಾರೂ ದನಿ ಎತ್ತಿ ಮಾತಾಡುತ್ತಿಲ್ಲ. ಜಿಲ್ಲಾ ಕಚೇರಿಯ ಹೊಸ ಹುಡುಗನೊಬ್ಬ ಮಾತ್ರ ಹುರುಪಿನಲ್ಲಿದ್ದ. "ಇನ್ನು ಅಧಿಕಾರ ಪ್ರಜೆಗಳದು ಸಾರ್. ಸಂವಿಧಾನದ ಮೊದಲ ಮಾತೇ ಅದು." ಸರಿ. ಹಾಗಾದರೆ ಪ್ರುಂಗನ ಅರ್ಜಿ ಈಗ ಯಾರ ಮೇಜಿನ ಮೇಲಿದೆ? ಅವನಿಗೆ ಗೊತ್ತಿಲ್ಲ. ನನಗೂ.

ಅಮ್ಮ ಮಧ್ಯಾಹ್ನ ಉಣ್ಣಲಿಲ್ಲ. ಗೋಡೆಯ ಮೇಲಿನ ದೊರೆಯ ಪಟದ ಮುಂದೆ ಕುಳಿತಿದ್ದಳು. "ಧರ್ಮ ಹೊರುವವನೇ ಇಳಿಸಿಟ್ಟು ಹೋದರೆ ಅದನ್ನ ಎತ್ತಿಕೊಳ್ಳೋರು ಯಾರೋ?"

"ಮಹಾಸಮ್ಮತನನ್ನೂ ಜನರೇ ಆರಿಸಿದ್ದಲ್ಲವಾ ಅಮ್ಮ," ಎಂದೆ.

"ಆರಿಸಿದರು. ಆರಿಸಿ ಮನೆಗೆ ಹೋಗಿ ಮಲಗಿದರು. ಭಾರ ಅವನೊಬ್ಬನ ಮೇಲೆ."

೨೫ ಮಾರ್ಚ್

ಹೊಸ ದೊರೆ ಸ್ವಿಟ್ಜರ್ಲೆಂಡಿನಲ್ಲಿ ಶಾಲೆಗೆ ಹೋಗುವ ಬಾಲಕ. ಅವರ ಹೆಸರಿನಲ್ಲಿ ರಾಜ್ಯ ನೋಡಲು ಮೂವರ ಮಂಡಳಿ. ಅರ್ಜಿಯ ಬಗ್ಗೆ ಟೆಲಿಗ್ರಾಂ ಕೊಟ್ಟೆ. ಉತ್ತರವಿಲ್ಲ. ಉತ್ತರ ಬರುವ ತನಕ ಶಿಕ್ಷೆ ಜಾರಿ ಇಲ್ಲ ಎಂಬುದೊಂದೇ ನೆಮ್ಮದಿ. ಬಾಗಿಲ ಸದ್ದಾದಾಗಲೆಲ್ಲ ಪ್ರುಂಗ್ ಎದ್ದು ನಿಲ್ಲುತ್ತಾನೆ ಎಂದು ಸವಿಂಗ್ ಹೇಳುತ್ತಾನೆ.

೧೧ ಏಪ್ರಿಲ್, ಹೊಸ ವರ್ಷ ೨೪೭೮

ಯೇಮ್‌ಳನ್ನು ಸೂಕ್‌ನ ತಾಯಿ ಮನೆಯಿಂದ ಹೊರಗೆ ಹಾಕಿದ್ದಾಳೆ. "ಸತ್ತ ಮಗನನ್ನು ಕೊಲೆಗಾರ ಮಾಡಿದಳು" ಎಂದು. ತಾಯಿಗೆ ಹಾಗನಿಸದೆ ಇರುತ್ತದೆಯೇ. ಅಮ್ಮ ಹೋಗಿ ಅವಳನ್ನು ವಿಹಾರದ ಅಡುಗೆಮನೆಗೆ ಸೇರಿಸಿದಳು. ನನ್ನನ್ನು ಕೇಳಲಿಲ್ಲ.

೧೪ ಜೂನ್

ಬಂತು! ಮಂಡಳಿಯ ಮೂವರ ರುಜು, ಬಾಲಕ ದೊರೆಯ ಹೆಸರಿನಲ್ಲಿ. ಮರಣದಂಡನೆ ಜೀವಾವಧಿಗೆ ಇಳಿದಿದೆ.

ಪ್ರುಂಗ್‌ಗೆ ಓದಿ ಹೇಳಿದೆ. ನೆಲದ ಮೇಲೆ ಕುಳಿತ. ಸವಿಂಗ್ ನೀರು ತಂದ. ಕುಡಿದು ಕೇಳಿದ ಮೊದಲ ಮಾತು — "ಅವಳದ್ದು?"

ಅವಳ ಕೇಸು ನನ್ನ ಮುಂದೆಯೇ ಇದೆ. ಹೇಳಿಕೆ ಬರೆದುಕೊಂಡವನು ನಾನು, ಬೇರೆಯವರು ವಿಚಾರಣೆ ಮಾಡಲಿ ಎಂದು ಮೇಲಕ್ಕೆ ಬರೆದಿದ್ದೆ. ಕಳಿಸಲು ಯಾರೂ ಇಲ್ಲವಂತೆ.

೨ ಜುಲೈ. ಸಂಜೆ

ತೀರ್ಪು ಕೊಟ್ಟೆ.

ಯೇಮ್ ಒಗೆದ ಎರಡು ಉಡುಗೆ, ಮಗುವಿನ ಒಂದು ಅಂಗಿ ಗಂಟು ಕಟ್ಟಿ ತಂದಿದ್ದಳು. ಜೈಲಿಗೆ ಸಿದ್ಧವಾಗಿಯೇ. ತಪ್ಪೊಪ್ಪಿದ್ದರಿಂದ ಶಿಕ್ಷೆ ಅರ್ಧ, ಒಂದು ವರ್ಷ. ಮೊದಲ ಅಪರಾಧ, ಯಾರೂ ಹಿಡಿಯುವ ಮೊದಲೇ ತಾನಾಗಿ ಬಂದವಳು; ಆದ್ದರಿಂದ ಶಿಕ್ಷೆಯನ್ನು ತಡೆಹಿಡಿಯಲಾಗಿದೆ. ಓದಿ ಮುಗಿಸಿದೆ. ಅವಳು ಅಲ್ಲೇ ನಿಂತಿದ್ದಳು.

"ಈ ಗಂಟು ಎಲ್ಲಿ ಕೊಡಬೇಕು ಸ್ವಾಮಿ?"

"ಎಲ್ಲೂ ಬೇಡಮ್ಮ. ತಗೊಂಡು ಹೋಗು. ಇನ್ನೊಂದು ತಪ್ಪು ಮಾಡದಿದ್ದರೆ ನಿನಗೆ ಜೈಲಿಲ್ಲ."

ಅರ್ಥವಾಗಲು ಹೊತ್ತಾಯಿತು. ನೆಲಕ್ಕೆ ಕುಳಿತು ಕೈಮುಗಿದಳು.

"ಕ್ಷಮಿಸಿದ್ದು ದೊರೆಯಾ?"

"ಅಲ್ಲ. ನಿನ್ನ ಕೇಸು ಅಲ್ಲೀತನಕ ಹೋಗೋದೇ ಇಲ್ಲ."

"ಹಾಗಾದ್ರೆ ತಾವಾ?"

"ಕಾನೂನು," ಎಂದೆ.

ಕಟಕಟೆಯ ಆಚೆ ಅಮ್ಮನ ಮಡಿಲಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಅದನ್ನು ನೋಡಿ, ನನ್ನನ್ನು ನೋಡಿ, ಕೇಳಿದಳು:

"ನನಗೆ ಮಗು ಇದೆ ಅಂತ ಕಾನೂನಿಗೆ ಹೇಗೆ ಗೊತ್ತಾಯ್ತು ಸ್ವಾಮಿ?"

ಕೈಯಲ್ಲಿದ್ದ ತೀರ್ಪನ್ನು ಮತ್ತೆ ನೋಡಿದೆ: ಮಗುವಿನ ಮಾತನ್ನು ನಾನು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.