ತಟ್ಟೆಯ ಮೇಲಿನ ತಲೆ

ಕಡೂರು
12-2-1983

ಚಿ. ಸೌ. ಮಲ್ಲಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ಈ ‘ಸೌ.’ ಬರೆಯುವಾಗ ಪೆನ್ನು ನಿಂತಿತು. ಯಾಕೆಂದು ಹೇಳುತ್ತೇನೆ. ಸಖರಾಯಪಟ್ಟಣಕ್ಕೇ ಬಂದು ಹೇಳೋಣವೆಂದರೆ ಧೈರ್ಯ ಸಾಲಲಿಲ್ಲ. ಕಾಗದವನ್ನು ಮಗಳು ಶಶಿಯ ಕೈಗೆ ಕೊಡಬೇಡ, ಒಬ್ಬಳೇ ಕೂತು ಓದು.

ನಿಮ್ಮ ಮನೆಯವರು ಬದುಕಿದ್ದಾರೆ. ಮೊನ್ನೆ ಅಜ್ಜಂಪುರದಲ್ಲಿ ನೋಡಿದೆ.

ಅಲ್ಲಿ ಸಂತೆ ಮೈದಾನದಲ್ಲಿ ಒಂದು ಹಳೆಯ ಷೋ ಡೇರೆ ಹಾಕಿದೆ. ಅದರ ಯಜಮಾನ ತೀರ್ಥಪ್ಪ ನಮ್ಮ ಸ್ಟುಡಿಯೋಗೆ ಬಂದು, “ಈ ಊರಾದ್ಮೇಲೆ ಡೇರೆ ಮಡಚ್ಬಿಡ್ತೀನಿ ಕಣಮ್ಮ. ಜನ ಎಲ್ಲಾ ಟಾಕೀಸಿಗೆ ಹೋಯ್ತಾರೆ. ನಮ್ಮೋರ್ದೆಲ್ಲ ಒಂದೊಂದು ಫೋಟೋ ಇರ್ಲಿ” ಎಂದು ಕರೆದ. ನಿಮ್ಮ ಭಾವ ತೀರಿಕೊಂಡ ಮೇಲೆ ಇಂಥ ಕೆಲಸಕ್ಕೆಲ್ಲ ನಾನೇ ಹೋಗಬೇಕಲ್ಲ, ಹೋದೆ. ಗಡ್ಡದ ಹೆಂಗಸು ಯಲ್ಲಮ್ಮ, ಕಾಲಿನಲ್ಲಿ ಸೂಜಿಗೆ ದಾರ ಪೋಣಿಸುವ ಕೈಯಿಲ್ಲದ ಕರಿಬಸಮ್ಮ, ಎಲ್ಲರದೂ ಆಯಿತು. ಕೊನೆಗೆ ‘ಮಾತಾಡುವ ರುಂಡ’. ಮೇಜಿನ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಒಂದು ತಲೆ. ಮೇಜಿನ ಕೆಳಗೆ ಕನ್ನಡಿ ಓರೆಯಾಗಿ ನಿಲ್ಲಿಸಿ ಮೈ ಮರೆಮಾಡುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಫೋಕಸ್ ಮಾಡುತ್ತಿದ್ದಂತೆ ಎಡ ಹುಬ್ಬನ್ನು ಸೀಳಿದ ಗಾಯದ ಕಲೆ ಸ್ಪಷ್ಟವಾಯಿತು. ನಿನ್ನ ಮದುವೆಯ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಆ ಕಲೆ ಅಳಿಸಿದವಳು ನಾನೇ.

ಅಷ್ಟರಲ್ಲಿ ತೀರ್ಥಪ್ಪ ಕೋಲಿನಿಂದ ಮೇಜು ಕುಟ್ಟಿ, “ಲೇ ರುಂಡ, ಈಯಮ್ಮ ಯಾರು ಹೇಳ್ಲಾ” ಎಂದ. ತಲೆ ಕಣ್ಣು ತೆರೆಯಿತು. ನನ್ನನ್ನೇ ನೋಡಿತು. “ಫೋಟೋ ತೆಗಿಯೋರು” ಎಂದಿತು. ಜನ ಚಪ್ಪಾಳೆ ತಟ್ಟಿದರು. ಫಿಲ್ಮ್ ತಿರುಗಿಸುವುದನ್ನು ಮರೆತು ಒತ್ತಿದೆ, ಆ ಪಟ ಕೆಟ್ಟಿತು.

ಆಟ ಮುಗಿದ ಮೇಲೆ ಡೇರೆಯ ಹಿಂದೆ ಹೋದೆ. ಒಂಬತ್ತು ವರ್ಷದ ಹಿಂದೆ ಯಾಕೆ ಬಿಟ್ಟುಹೋದಿರಿ ಎಂದು ಕೇಳಿದರೆ ಹಿತ್ತಾಳೆ ತಟ್ಟೆ ಒರೆಸತೊಡಗಿದರು. ಶಶಿಗೆ ತರೀಕೆರೆಯ ಸಂಬಂಧ ಬಂದಿರುವುದನ್ನು ಹೇಳಿದೆ. ಹುಡುಗನ ತಂದೆ ಬಸವರಾಜಪ್ಪನವರು, “ಅಪ್ಪ ಇದ್ರೆ ತೋರ್ಸಿ, ಇಲ್ಲಾಂದ್ರೆ ತೀರ್ಕಂಡ ಅನ್ನಿ. ಓಡ್ಹೋದೋನ ಮಗಳು ನಮ್ಗೆ ಬ್ಯಾಡ” ಎಂದು ಪಟ್ಟು ಹಿಡಿದಿರುವುದನ್ನೂ ಹೇಳಿ, ಬನ್ನಿ ಎಂದೆ.

“ಯಾವ ಮುಖ ಇಟ್ಕಂಡು ಬರ್ಲಿ ಅತ್ತಿಗೆ? ಇರೋ ಈ ಒಂದು ತಲೇನೂ ಊರೂರಿಗೆಲ್ಲ ತೋರ್ಸಾಗೈತೆ” ಎಂದರು. ಆಮೇಲೆ, “ನಮ್ಮೋರಲ್ಲಿ ಸತ್ತೋರ್ನ ಕೂರ್ಸಿ ಫೋಟೋ ಹೊಡಿತೀರಲ್ಲ, ನಂದೂ ಒಂದು ಹೊಡ್ಕೊಡಿ. ಮದ್ವೆ ನಡೀಲಿ” ಎಂದರು.

ಹೊಡೆದೆ, ಮಲ್ಲಿ. ಕಂಬಕ್ಕೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತರು. ಯಲ್ಲಮ್ಮ ಹಣೆಗೆ ವಿಭೂತಿ ಬಳಿದು ಹಾರ ಹಾಕಿದಳು. ಕೊರಳಲ್ಲಿ ಲಿಂಗವಿರಲಿಲ್ಲ, ಎಲ್ಲೋ ಕಳೆಯಿತಂತೆ. ತಟ್ಟೆಯಲ್ಲಿ ಅಲುಗದೆ ಇದ್ದು ಅಭ್ಯಾಸ, ಉಸಿರಾಡಿದ್ದೂ ಕಾಣಲಿಲ್ಲ. ಎಷ್ಟೋ ಹೆಣಗಳ ಫೋಟೋ ತೆಗೆದಿದ್ದೇನೆ, ಯಾವುದೂ ಇಷ್ಟು ನಿಜವಾಗಿ ಬಂದಿಲ್ಲ. ನಿನ್ನೆ ಕತ್ತಲೆಕೋಣೆಯ ಟ್ರೇಯಲ್ಲಿ ಮುಖ ಮೂಡಿದಾಗ ಜೋರಾಗಿ ಅತ್ತುಬಿಟ್ಟೆ. ಬದುಕಿದ್ದಾರಲ್ಲ ಎಂದು ನೆನಪಾದದ್ದು ಆಮೇಲೆ.

ಒಳಗಿನ ಕಂದು ಲಕೋಟೆಯಲ್ಲಿ ಆ ಪಟವಿದೆ. ತೋರಿಸಿದರೆ ಶಶಿಯ ಮದುವೆಯಾಗುತ್ತದೆ. ಆದರೆ ಅದಕ್ಕೆ ಮೊದಲು ನಿನ್ನ ತಾಳಿ ತೆಗೆಸುತ್ತಾರೆ, ಬಳೆ ಒಡೆಸುತ್ತಾರೆ. ಇಂಗ್ಲಿಷ್ ಓದಿದ ನಾನೇ ನಿಮ್ಮ ಭಾವ ತೀರಿದ ದಿನ ಬಾಯಿಬಿಡದೆ ಕೈ ಚಾಚಿದ್ದನ್ನು ನೀನು ನೋಡಿದ್ದೀಯ. ಒಲೆಗೆ ಹಾಕಿದರೂ ನಾನು ಏನೂ ಅನ್ನುವುದಿಲ್ಲ. ಬರುವ ಶುಕ್ರವಾರ ಡೇರೆ ಏಳುತ್ತದೆ. ಅವರನ್ನು ನೋಡಬೇಕೆನ್ನಿಸಿದರೆ ಅಷ್ಟರೊಳಗೆ ಬಾ. ಅವರು ಹೇಳಿದ್ದಕ್ಕೆ ನಾನು ಒಪ್ಪಿದೆ, ಅಷ್ಟೇ. ತೀರ್ಮಾನ ನಿನ್ನದು.

ನಿನ್ನ ಅಕ್ಕ,
ವಿಮಲ

ಮತ್ತೆ: ಬಸವರಾಜಪ್ಪನವರು ಪಟದಲ್ಲಿ ಮೊದಲು ನೋಡುವುದು ಹೆಣದ ಎಡ ಅಂಗೈಯನ್ನು, ಪದ್ಧತಿಯಂತೆ ಲಿಂಗ ಇಟ್ಟಿದೆಯೋ ಎಂದು. ಹೆದರಬೇಡ, ಅಲ್ಲಿ ಲಿಂಗವಿದೆ. ಅದು ನನ್ನದು, ಉಸಿರಿರುವ ತನಕ ಮೈಯಿಂದ ತೆಗೆಯಬಾರದೆಂದು ಅವ್ವ ಹೇಳಿದ್ದು. ನಿಮ್ಮ ಮನೆಯವರು ಕೊಡಿ ಎಂದು ಕೇಳಲಿಲ್ಲ. ನಾನೇ ಬಿಚ್ಚಿ ಅವರ ಕೈಯಲ್ಲಿಟ್ಟೆ.